ನಾಕ ಮಂದಿ

ಕೃಷ್ಣೆಯ ದಂಡೆಯ ಗಲಗಲಿಯಲ್ಲಿ, ಬೀಳಗಿ-ಜಮಖಂಡಿಯ ಸೀಮೆಯಲ್ಲೆಲ್ಲ ‘ನಾಕು’ ದಿನಬೆಳಗಾದರೆ ಬಾಯಲ್ಲಿರುವ ಮಾತು. ಮಗ ಸಾಲಿಗೆ ಹೋಗಿ ನಾಕ ಅಕ್ಷರ ಕಲೀಬೇಕು, ಕಬ್ಬಿನ ಬಿಲ್ಲು ಬಂದು ಕೈಯಾಗ ನಾಕ ದುಡ್ಡ ಆಡಬೇಕು, ಜಗಳ ಹತ್ತಿದರೆ ಹಿರಿಯರು ಬಂದು ನಾಕ ಮಾತ ಹೇಳಬೇಕು. ಮರ್ಯಾದೆಯಿಂದ ಬಾಳಲು ಎಷ್ಟು ಬೇಕೋ ಅಷ್ಟಕ್ಕೆ ನಾಕು ಎಂದು ಹೆಸರು.

ಮನುಷ್ಯರ ವಿಷಯದಲ್ಲಿ ಕನ್ನಡ ಇನ್ನೂ ಸೂಕ್ಷ್ಮ. ‘ನಾಲ್ವರು ಬಂದಿದ್ದರು’ ಎಂದರೆ ತಲೆ ಎಣಿಸಿದ ಲೆಕ್ಕ. ‘ನಾಕ ಮಂದಿ ಬಂದಿದ್ರು’ ಎಂದರೆ ಹತ್ತು ಜನ ಇರಬಹುದು, ಇಡೀ ಓಣಿಯೇ ಇರಬಹುದು. ಆ ಓಣಿಯನ್ನು ನಾವು ಹೆದರಿಸಲು ಬಳಸಿದ್ದೇ ಹೆಚ್ಚು. ‘ನಾಕ ಮಂದಿ ಏನಂದಾರು?’ ಎಂಬ ಪ್ರಶ್ನೆಗೆ ಎಷ್ಟೋ ಹೆಣ್ಣುಮಕ್ಕಳ ಓದು ನಿಂತಿದೆ.

ಆದರೆ ನಾಕ ಮಂದಿ ಇರುವುದು ಹೆದರಿಸಲಿಕ್ಕಷ್ಟೇ ಅಲ್ಲ, ಕೈಹಿಡಿದು ಎತ್ತಲಿಕ್ಕೂ ಹೌದು. ಗಲಗಲಿ ಗಾಲವ ಋಷಿಯ ತಪೋಭೂಮಿ ಎಂಬುದು ಊರವರ ನಂಬಿಕೆ. ಮಹಾಭಾರತದ ಉದ್ಯೋಗಪರ್ವದ ಕತೆಯಲ್ಲಿ ಈ ಗಾಲವ ಗುರು ವಿಶ್ವಾಮಿತ್ರನಿಗೆ 800 ಕುದುರೆ ಕೊಡಬೇಕು. ಮೈಯೆಲ್ಲ ಬಿಳುಪು, ಒಂದು ಕಿವಿ ಮಾತ್ರ ಕಪ್ಪು. ಅದಕ್ಕಾಗಿ ಅರಸ ಯಯಾತಿ ತನ್ನ ಮಗಳು ಮಾಧವಿಯನ್ನೇ ಗಾಲವನಿಗೆ ಕೊಟ್ಟ. ಮೂವರು ಅರಸರು ತಲಾ 200 ಕುದುರೆ ಕೊಟ್ಟು ಅವಳಿಂದ ಒಬ್ಬೊಬ್ಬ ಮಗನನ್ನು ಪಡೆದರು; ಉಳಿದ 200ರ ಬದಲಿಗೆ ವಿಶ್ವಾಮಿತ್ರನೂ ಒಬ್ಬ ಮಗನನ್ನು ಪಡೆದ. ಹೆಣ್ಣನ್ನು ಕುದುರೆಯ ಲೆಕ್ಕಕ್ಕೆ ಹಚ್ಚಿದ ಈ ಕತೆ ಕರುಳು ಹಿಂಡುತ್ತದೆ. ಮುಂದೆ ಯಯಾತಿ ಸ್ವರ್ಗದಿಂದ ಬಿದ್ದಾಗ ತಮ್ಮ ಪುಣ್ಯ ಧಾರೆಯೆರೆದು ಅವನನ್ನು ಎತ್ತಿದವರು ಆ ಮಾಧವಿಯ ಮಕ್ಕಳೇ: ವಸುಮನ, ಪ್ರತರ್ದನ, ಶಿಬಿ, ಅಷ್ಟಕ. ಬಿದ್ದವನನ್ನು ಎತ್ತುವ ನಾಕ ಮಂದಿಯ ಕೆಲಸ ಅಷ್ಟು ಹಳೆಯದು.

ಹೊಳೆಯ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿ ಅಣೆಕಟ್ಟಿನ ನೀರಿನ ಗರಿಷ್ಠ ಮಟ್ಟ 519.60 ಮೀಟರ್, ಏರಿಸಬೇಕೆಂದಿರುವುದು 524.256 ಮೀಟರ್. ಯಾರ ಹೊಲ, ಯಾರ ಮನೆ ಮುಳುಗುತ್ತದೆಂದು ಆ ಅಂಕಿಗಳು ಹೇಳುತ್ತವೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಂಥ ಹೊತ್ತಿನಲ್ಲಿ ಜೋಳದ ಚೀಲ ಮಾಳಿಗೆಗೆ ಏರಿಸಲು, ಕಟ್ಟಿದ ಎಮ್ಮೆಯ ಹಗ್ಗ ಬಿಚ್ಚಲು, ಬಾಣಂತಿಯನ್ನು ದಾಟಿಸಲು ಕೂಗಿದರೆ ಓಡಿಬರುವ ನಾಕ ಮಂದಿ ಬೇಕು. ಮದುವೆಯ ಮಾತಿಗೆ ಅವರೇ, ಹೆಣಕ್ಕೆ ಹೆಗಲು ಕೊಡಲೂ ಅವರೇ.

ಹಾಗಾಗಿ ಮಕ್ಕಳಿಗೆ ‘ನಾಕ ಮಂದಿ ಏನಂದಾರು’ ಎಂದು ಅಂಜಿಸುವುದನ್ನು ಬಿಡೋಣ. ‘ನಾಕ ಮಂದಿಗೆ ಬೇಕಾಗಿ ಬಾಳು’ ಎಂದು ನಮ್ಮ ಹಿರಿಯರೇ ಹರಸುತ್ತಿದ್ದರಲ್ಲ, ಅದನ್ನು ಹೇಳಿಕೊಡೋಣ.