ತಮ್ಮನ ಬೀರುವೂ ಕೆಂಟಕಿಯ ಪೀಪಾಯಿಗಳೂ

ಸೋದರಿಯರೇ, ಅಡಿಗೆ, ಮನೆಮದ್ದು, ಹೊಲಿಗೆಯ ಪುಟಗಳ ನಡುವೆ ಇದೇನಪ್ಪ ವಿಸ್ಕಿಯ ಮಾತು ಅಂತ ಮೂಗು ಮುರಿಯಬೇಡಿ. ನಾನೂ ಮೊದಲು ಮೂಗು ಮುರಿದವಳೇ. ಮುರಿದ ಮೂಗು ಆಮೇಲೆ ಏನು ಕೆಲಸಕ್ಕೆ ಬಂತು ಎಂಬುದನ್ನು ಮುಂದೆ ಹೇಳುತ್ತೇನೆ.

2023ರ ಮೇ ತಿಂಗಳಲ್ಲಿ ತಮ್ಮನ ಹೆಂಡತಿಯ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿದ್ದೆ. ಅಮ್ಮನಿಗೆ ಮಂಡಿ ನೋವು, ಅಷ್ಟು ದೂರದ ಪ್ರಯಾಣ ಆಗದು. ಹೀಗಾಗಿ ಮೆಂತ್ಯದ ಹಿಟ್ಟು, ಓಮ, ಬಜೆ, ಸಾರಿನ ಪುಡಿ ಎಲ್ಲ ಕಟ್ಟಿಕೊಂಡು ನಾನು ಹೊರಟೆ. ತಮ್ಮನಿರುವುದು ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ, ಓಹಾಯೋ ನದಿಯ ದಂಡೆಯ ಮೇಲೆ. ಹೋದ ಮೂರನೆಯ ದಿನ ಡಬ್ಬಿಗಳನ್ನಿಡಲು ಜಾಗ ಹುಡುಕುತ್ತ ನೆಲಮಾಳಿಗೆಗೆ ಇಳಿದೆ. ಅಲ್ಲೊಂದು ಗಾಜಿನ ಬಾಗಿಲಿನ ಬೀರು. ಒಳಗೆ ಸಾಲಾಗಿ ಸೀಸೆಗಳು. ನಮ್ಮ ಮನೆಯ ಗೊಂಬೆ ಹಬ್ಬದ ಹಾಗೆ ದೀಪ ಬೇರೆ ಹಾಕಿದ್ದ. ಎಣಿಸಿದೆ, ಮೂವತ್ತೊಂದು. ನನ್ನ ಕೈಕಾಲು ತಣ್ಣಗಾಯಿತು.

ಇದಕ್ಕೆ ಕಾರಣವಿದೆ. ನಮ್ಮ ಸೋದರಮಾವ ಕುಡಿದು ಕುಡಿದೇ ನಲವತ್ತೆರಡಕ್ಕೆ ಹೋದರು. ಅರಸೀಕೆರೆಯ ಹತ್ತಿರವಿದ್ದ ತೆಂಗಿನ ತೋಟ ತುಂಡು ತುಂಡಾಗಿ ಮಾರಿಹೋಯಿತು. ಅತ್ತೆ ಕೊನೆಗೆ ಕಂಡವರ ಮನೆಯಲ್ಲಿ ಹಪ್ಪಳ ಒತ್ತಿ ಮಕ್ಕಳನ್ನು ಸಾಕಿದರು. ತಮ್ಮ ವಿಮಾನ ಹತ್ತುವಾಗ ಅಮ್ಮ ಅವನ ಕೈ ಹಿಡಿದು ಹೇಳಿದ್ದು ಒಂದೇ ಮಾತು, "ನಿನ್ನ ಮಾವನ ದಾರಿ ಬೇಡ ಕಣೋ."

ತಮ್ಮನನ್ನು ಕೇಳಿದರೆ ನಕ್ಕ. "ಅಕ್ಕ, ಇದು ಕುಡಿಯೋದಕ್ಕಲ್ಲ, ಕೂಡಿಡೋದಕ್ಕೆ. ಇಲ್ಲಿಯವರು ಅಂಚೆ ಚೀಟಿ ಕೂಡಿಡೋ ಹಾಗೆ ಬರ್ಬನ್ ಕೂಡಿಡ್ತಾರೆ. ಒಂದು ಸಲ ಊರೆಲ್ಲ ನೋಡ್ಕೊಂಡು ಬಾರೇ, ಆಮೇಲೆ ಬೈಯುವೆಯಂತೆ" ಅಂದ. ಅವನ ಹೆಂಡತಿ ಮಾತ್ರ ನಗಲಿಲ್ಲ. ಸಂಜೆ ಕಾಫಿಗೆ ಕೂತಾಗ ಮೆಲ್ಲಗೆ ಹೇಳಿದಳು, "ಅಕ್ಕ, ಹೋದ ತಿಂಗಳು ಒಂದು ಸೀಸೆಗೆ ಅವರು ಕೊಟ್ಟ ದುಡ್ಡಿನಲ್ಲಿ ತೊಟ್ಟಿಲೂ ಬರ್ತಿತ್ತು, ಮಗುವಿನ ತಳ್ಳುಗಾಡಿಯೂ ಬರ್ತಿತ್ತು. ನೀವೇ ಸ್ವಲ್ಪ ಹೇಳಿ."

ಜೂನ್‌ನಲ್ಲಿ ಗಂಡು ಮಗುವಾಯಿತು. ಮೂರು ತಿಂಗಳು ತುಂಬಿದ ಮೇಲೆ, ಸೆಪ್ಟೆಂಬರಿನ ಒಂದು ಶನಿವಾರ, ಬುತ್ತಿಗೆ ಪುಳಿಯೋಗರೆ ಮಾಡಿಕೊಂಡು ಎಲ್ಲರೂ ಕಾರಿನಲ್ಲಿ ಹೊರಟೆವು. ನಗರ ದಾಟುತ್ತಲೇ ಹಸಿರು ಗುಡ್ಡಗಳು, ಕುದುರೆ ಮೇಯುವ ಹುಲ್ಲುಗಾವಲು, ಮುಸುಕಿನ ಜೋಳದ ಹೊಲಗಳು. ಅಲ್ಲಲ್ಲಿ ಗುಡ್ಡದ ನೆತ್ತಿಯ ಮೇಲೆ ಆರೇಳು ಅಂತಸ್ತಿನ, ಸಾಲು ಸಾಲು ಕಿಟಕಿಯ ದೊಡ್ಡ ಗೋದಾಮುಗಳು. ಗೋಡೆಗಳೂ ಪಕ್ಕದ ಮರಗಳೂ ಹೊಗೆ ಹಿಡಿದ ಹಾಗೆ ಕಪ್ಪು. ಬೆಂಕಿ ಬಿದ್ದಿತ್ತೇನೋ ಅಂದುಕೊಂಡೆ. ಅಲ್ಲವಂತೆ, ಪೀಪಾಯಿಗಳಿಂದ ಆವಿಯಾಗುವ ಮದ್ಯವನ್ನೇ ಉಂಡು ಬೆಳೆಯುವ ಒಂದು ಬಗೆಯ ಬೂಷ್ಟು ಅದು. ಕೆಂಟಕಿಯ ಜನಸಂಖ್ಯೆ ಸುಮಾರು 45 ಲಕ್ಷ. ಗೋದಾಮುಗಳಲ್ಲಿ ಮಲಗಿರುವ ಪೀಪಾಯಿಗಳು ಒಂದು ಕೋಟಿಗೂ ಮಿಕ್ಕಿ. ತಲೆಗೆ ಎರಡು ಪೀಪಾಯಿ ಹಂಚಿದರೂ ಉಳಿಯುತ್ತದೆ ನೋಡಿ!

ಬೆಂಕಿ ಬಿದ್ದದ್ದೂ ಉಂಟು. ಬಾರ್ಡ್ಸ್‌ಟೌನ್ ಎಂಬ ಊರಿನ ಹೆವನ್ ಹಿಲ್ ಕಾರ್ಖಾನೆಯಲ್ಲಿ 1996ರ ನವೆಂಬರಿನಲ್ಲಿ ಏಳು ಗೋದಾಮುಗಳು ಸುಟ್ಟು, ಸುಮಾರು 90,000 ಪೀಪಾಯಿ ಬೂದಿಯಾಯಿತಂತೆ. ಆ ಊರಿನಲ್ಲಿ ಆಸ್ಕರ್ ಗೆಟ್ಜ್ ಹೆಸರಿನ ವಿಸ್ಕಿ ವಸ್ತುಸಂಗ್ರಹಾಲಯವಿದೆ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿರೋಧವಿತ್ತಷ್ಟೆ, ಆಗ ಡಾಕ್ಟರರ ಚೀಟಿಯ ಮೇಲೆ ಔಷಧಿಯೆಂದು ವಿಸ್ಕಿ ಮಾರಲು ಆರು ಕಂಪನಿಗಳಿಗೆ ಮಾತ್ರ ಪರವಾನಗಿ ಕೊಟ್ಟಿದ್ದರು. ಆ ಮಾತು ಕೇಳುವಾಗ ನನಗೆ ನೆನಪಾದವಳು ಕ್ಯಾರಿ ನೇಷನ್. ಕೊಡಲಿ ಹಿಡಿದು ಕಾನ್ಸಾಸ್‌ನ ಸಾರಾಯಿ ಅಂಗಡಿಗಳನ್ನು ಪುಡಿಗಟ್ಟಿದ ಆ ಹೆಂಗಸು ಹುಟ್ಟಿದ್ದು ಇದೇ ಕೆಂಟಕಿಯಲ್ಲಿ, 1846ರಲ್ಲಿ. ಅವಳ ಮೊದಲ ಗಂಡ ಡಾಕ್ಟರ್. ಕುಡಿತದಿಂದಲೇ ಸತ್ತ. ನಮ್ಮ ಅತ್ತೆಯ ಕೈಯಲ್ಲಿ ಲಟ್ಟಣಿಗೆಯ ಬದಲು ಒಂದು ಕೊಡಲಿ ಇದ್ದಿದ್ದರೆ ಅಂದುಕೊಂಡೆ. ತಮ್ಮನಿಗೆ ಹೇಳಿದೆ. ಅವನು ಮಾತಾಡದೆ ಕಾರು ಓಡಿಸಿದ.

ಅಲ್ಲಿಂದ ಲೊರೆಟ್ಟೊ. ಮೇಕರ್ಸ್ ಮಾರ್ಕ್ ಎಂಬ ಕಾರ್ಖಾನೆ. ಕಾರ್ಖಾನೆ ಅನ್ನುವುದಕ್ಕಿಂತ ತೋಟದ ಮನೆ ಅನ್ನಬೇಕು, ಕಪ್ಪು ಕಟ್ಟಡಗಳಿಗೆ ಕೆಂಪು ಕಿಟಕಿ, ನಡುವೆ ಹರಿಯುವ ತೊರೆ. ಸೊಸೆ ಮಗುವಿನೊಡನೆ ಮರದ ನೆರಳಲ್ಲಿ ಕೂತಳು. ನಾವಿಬ್ಬರೂ ಒಳಹೋದೆವು. ಹೋಗುವಾಗಲೇ ಮೂಗಿಗೆ ಬಡಿದದ್ದು ಮದ್ಯದ ವಾಸನೆಯಲ್ಲ, ಹುಳಿ ಬಂದ ಹಿಟ್ಟಿನ ವಾಸನೆ! ಆಳೆತ್ತರದ ಮರದ ತೊಟ್ಟಿಗಳಲ್ಲಿ ಹಳದಿ ಗಂಜಿ ಬುಳುಬುಳು ಉಕ್ಕುತ್ತಿತ್ತು. ಬೇಸಿಗೆಯಲ್ಲಿ ರಾತ್ರಿ ಮುಚ್ಚಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಪಾತ್ರೆ ಮೀರಿ ಬರುವುದಿಲ್ಲವೇ, ಹಾಗೆ.

ಬರ್ಬನ್ ಅಂದರೆ ಏನು ಅಂತ ಅಲ್ಲಿ ತಿಳಿಯಿತು. ಧಾನ್ಯದಲ್ಲಿ ನೂರಕ್ಕೆ 51 ಪಾಲಾದರೂ ಮುಸುಕಿನ ಜೋಳವಿರಬೇಕು. ಮಿಕ್ಕದ್ದು ರೈ ಎಂಬ ಧಾನ್ಯ ಅಥವಾ ಗೋದಿ, ಜೊತೆಗೆ ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿ. ಭಟ್ಟಿ ಇಳಿಸಿದ್ದನ್ನು ಒಳಮೈ ಸುಟ್ಟು ಕರಿ ಮಾಡಿದ ಹೊಸ ಓಕ್ ಮರದ ಪೀಪಾಯಿಯಲ್ಲೇ ಇಡಬೇಕು. ಬಣ್ಣ, ರುಚಿಯ ಬೆರಕೆ ಕೂಡದು. ಪೀಪಾಯಿಗೆ ಹೋಗುವಾಗ ನೀರಿನಂತೆ ಬಿಳಿ, ಹೊರಗೆ ಬರುವಾಗ ಬೆಲ್ಲದ ಪಾಕದ ಬಣ್ಣ. ಅದೆಲ್ಲ ಮರದ್ದೇ. ಅಲ್ಲಿಯ ನೆಲ ಸುಣ್ಣಕಲ್ಲು, ಅದರಲ್ಲಿ ಸೋಸಿ ಬರುವ ನೀರಿನಲ್ಲಿ ಕಬ್ಬಿಣದಂಶವಿಲ್ಲ, ಅದೇ ಅದೃಷ್ಟ ಎನ್ನುತ್ತಾರೆ.

ಹೊಸ ಗಂಜಿಗೆ ಹಿಂದಿನ ಸಲ ಭಟ್ಟಿ ಇಳಿಸಿ ಉಳಿದ ಹುಳಿ ನೀರನ್ನು ಸ್ವಲ್ಪ ಬೆರೆಸುತ್ತಾರೆ. ಇದಕ್ಕೆ 'ಸೌರ್ ಮ್ಯಾಶ್' ಅಂತ ಹೆಸರು. ಹೆಪ್ಪು ಹಾಕಿದ ಹಾಗಾಯಿತಲ್ಲ ಅಂದೆ. ಪೂರ್ತಿ ಹಾಗಲ್ಲ, ಹೆಪ್ಪಿನಲ್ಲಿ ಜೀವವಿರುತ್ತದೆ, ಇದು ಕುದಿದು ಬಂದ ನೀರು, ಯೀಸ್ಟನ್ನು ಬೇರೆಯಾಗಿಯೇ ಹಾಕಬೇಕು. ಹುಳಿಯಿಂದ ಕೆಟ್ಟ ಕ್ರಿಮಿ ಹತ್ತಿರ ಬಾರದು, ಒಂದು ಸಲದ ರುಚಿ ಇನ್ನೊಂದು ಸಲಕ್ಕೂ ಬರುತ್ತದೆ. ಈ ವಿಧಾನವನ್ನು ಬಹಳ ಹಿಂದೆ ಬರೆದಿಟ್ಟವರಲ್ಲಿ ಒಬ್ಬಳು ಕ್ಯಾಥರೀನ್ ಕಾರ್ಪೆಂಟರ್ ಎಂಬ ಗೃಹಿಣಿ, ಎರಡು ಬಾರಿ ವಿಧವೆಯಾದವಳು. 1818ರ ಅವಳ ಕೈಬರಹವನ್ನು ಕೆಂಟಕಿ ಹಿಸ್ಟಾರಿಕಲ್ ಸೊಸೈಟಿ ಇವತ್ತಿಗೂ ಜೋಪಾನ ಮಾಡಿದೆ. ನಮ್ಮ ಅಜ್ಜಿಯರ ಉಪ್ಪಿನಕಾಯಿ ಅಳತೆಗಳನ್ನು ಯಾರು ಹೀಗೆ ಇಟ್ಟಿದ್ದಾರೆ ಹೇಳಿ?

ಆದರೆ ನನ್ನ ಮನಸ್ಸು ಗೆದ್ದವಳು ಈ ಮನೆಯ ಒಡತಿ ಮಾರ್ಜಿ ಸ್ಯಾಮ್ಯುಯಲ್ಸ್. ಗಂಡ ಬಿಲ್ 1953ರಲ್ಲಿ ಈ ಹಳೆಯ ಕಾರ್ಖಾನೆ ಕೊಂಡರು. ಯಾವ ಧಾನ್ಯ ಎಷ್ಟು ಹಾಕಿದರೆ ರುಚಿ ಎಂದು ಪರೀಕ್ಷಿಸಲು ಭಟ್ಟಿ ಇಳಿಸಿ ವರ್ಷಗಟ್ಟಲೆ ಕಾಯಬೇಕಲ್ಲ? ಅದಕ್ಕೆ ಅವರು ಬೇರೆ ಬೇರೆ ಅಳತೆಯ ಹಿಟ್ಟಿನಿಂದ ಬ್ರೆಡ್ ಸುಟ್ಟು ರುಚಿ ನೋಡಿದರಂತೆ. ರೈ ಬಿಟ್ಟು ಗೋದಿ ಹಾಕಿದ ಬ್ರೆಡ್ಡೇ ಹಿತವಾಯಿತು, ವಿಸ್ಕಿಗೂ ಗೋದಿಯೇ ಆಯಿತು. ಮಾರ್ಜಿಗೆ ಸಂಗ್ರಹದ ಹುಚ್ಚು. ಸತುವಿನಂಥ ಪ್ಯೂಟರ್ ಲೋಹದ ಹಳೆಯ ಪಾತ್ರೆಗಳನ್ನೂ ಅರಗಿನ ಮುದ್ರೆಯ ಹಳೆಯ ಕೊನ್ಯಾಕ್ ಸೀಸೆಗಳನ್ನೂ ಕೂಡಿಟ್ಟಿದ್ದಳು. ಪಾತ್ರೆಯ ತಳದಲ್ಲಿ ಕುಶಲಕರ್ಮಿ ಒತ್ತುವ ಗುರುತಿನಿಂದ 'ಮೇಕರ್ಸ್ ಮಾರ್ಕ್' ಎಂಬ ಹೆಸರು ಬಂತು. ಸೀಸೆಯ ಬಾಯಿಗೆ ಕೆಂಪು ಅರಗು ಸುರಿಯುವ ಉಪಾಯವೂ ಅವಳದೇ, ಅದನ್ನು ಮೊದಲು ಪರೀಕ್ಷಿಸಿದ್ದು ತನ್ನ ಅಡಿಗೆಮನೆಯ ಕರಿಯುವ ಬಾಣಲೆಯಲ್ಲಿ! 1958ರಲ್ಲಿ ಮೊದಲ ಸೀಸೆ ಹೊರಬಿತ್ತು. 2014ರಲ್ಲಿ ಕೆಂಟಕಿ ಬರ್ಬನ್ ಹಾಲ್ ಆಫ್ ಫೇಮ್‌ಗೆ ಅವಳ ಹೆಸರು ಸೇರಿತು.

"ನೋಡಿದೆಯಾ, ಅವಳೂ ಕೂಡಿಟ್ಟವಳೇ" ಅಂದ ತಮ್ಮ. "ಕೂಡಿಟ್ಟದ್ದರಿಂದ ಅವಳು ಏನೋ ಮಾಡಿದಳಪ್ಪ. ನೀನು ದೀಪ ಹಾಕಿದ್ದೀಯೆ" ಅಂದೆ.

ಬೇಕಾದವರು ಸೀಸೆ ಕೊಂಡು ತಾವೇ ಅರಗಿನಲ್ಲಿ ಅದ್ದಬಹುದು. ತಮ್ಮ ಒಂದು ಕೊಂಡು ನನ್ನ ಕೈಗೆ ಕೊಟ್ಟ. ಏಪ್ರನ್ನು, ಕೈಗವಸು ಹಾಕಿಸಿದರು. ಬಾಳೆಕಾಯಿ ಬಜ್ಜಿ ಅದ್ದಿದ ಕೈಗೆ ಇದೇನು ಮಹಾ? ತಲೆಕೆಳಗು ಮಾಡಿ ಅದ್ದಿ, ಮೇಲೆತ್ತಿ ಒಂದು ಸುತ್ತು ತಿರುಗಿಸಿದೆ. ಅರಗು ನಾಲ್ಕು ಎಳೆಯಾಗಿ ಚೆನ್ನಾಗಿ ಇಳಿಯಿತು. ಅಲ್ಲಿದ್ದ ಹುಡುಗಿ ಚಪ್ಪಾಳೆ ತಟ್ಟಿದಳು. ನಿಜ ಹೇಳುತ್ತೇನೆ, ಖುಷಿಯಾಯಿತು.

ಮುಂದಿನ ವಾರ ಫ್ರಾಂಕ್‌ಫರ್ಟ್‌ನ ಬಫಲೋ ಟ್ರೇಸ್‌ಗೆ ಹೋದೆವು. ಇದೇ ತಮ್ಮನಂಥವರ ತಿರುಪತಿ. ಇಲ್ಲಿ 1984ರಲ್ಲಿ ಎಲ್ಮರ್ ಟಿ. ಲೀ ಎಂಬವರು ಹಲವು ಪೀಪಾಯಿ ಬೆರೆಸದೆ ಒಂದೇ ಪೀಪಾಯಿಯಿಂದ ತುಂಬಿದ 'ಬ್ಲಾಂಟನ್ಸ್' ಹೊರತಂದರು. ಬಿರಡೆಯ ಮೇಲೆ ಓಡುವ ಕುದುರೆ, ಸವಾರ. ಎಂಟು ಭಂಗಿ, ಒಂದೊಂದರಲ್ಲೂ ಆ ಹೆಸರಿನ ಒಂದೊಂದು ಇಂಗ್ಲಿಷ್ ಅಕ್ಷರ. ಎಂಟೂ ಸೇರಿಸಲು ಜನ ಊರೂರು ಅಲೆಯುತ್ತಾರೆ. ತಮ್ಮನ ಹತ್ತಿರ ಏಳಿದೆ, ಕೊನೆಯ ಎಸ್ ಇಲ್ಲ. ಇನ್ನು 'ಪ್ಯಾಪಿ ವ್ಯಾನ್ ವಿಂಕಲ್' ಎಂಬುದೊಂದಿದೆ, 23 ವರ್ಷ ಇಟ್ಟದ್ದು. ಕಂಪನಿ ಹೇಳುವ ಬೆಲೆ ನೂರಾರು ಡಾಲರ್, ಹೊರಗೆ ಸಾವಿರಾರು. ಅಂಗಡಿಯವರು ಚೀಟಿ ಎತ್ತಿ ಹಂಚುತ್ತಾರೆ. 2013ರಲ್ಲಿ ಇದೇ ಕಾರ್ಖಾನೆಯಿಂದ ಇನ್ನೂರಕ್ಕೂ ಹೆಚ್ಚು ಸೀಸೆ ಕಳುವಾದಾಗ ದೇಶವೆಲ್ಲ ಸುದ್ದಿಯಾಯಿತು.

ಇಷ್ಟು ಬೆಲೆ ಯಾಕೆ? ಪೀಪಾಯಿ ಹಿಡಿಸುವುದು 200 ಲೀಟರು. ಪ್ರತಿ ವರ್ಷ ಸ್ವಲ್ಪ ಆವಿಯಾಗಿ ಹೋಗುತ್ತದೆ, ಅದನ್ನು ದೇವತೆಗಳ ಪಾಲು ಅನ್ನುತ್ತಾರೆ. ಇಪ್ಪತ್ತು ವರ್ಷ ದಾಟಿದರೆ ಅರ್ಧಕ್ಕಿಂತ ಹೆಚ್ಚು ದೇವತೆಗಳೇ ಕುಡಿದಿರುತ್ತಾರೆ. ಹಾಗಂತ ಹಳೆಯದೆಲ್ಲ ಒಳ್ಳೆಯದೆಂದು ನನಗೆ ಅನ್ನಿಸಲಿಲ್ಲ. ಡಿಕಾಕ್ಷನ್ ಇಳಿದ ಮೇಲೂ ಪುಡಿಯನ್ನು ಹಿಂಡುತ್ತ ಹೋದರೆ ಕಹಿ ಬರುವ ಹಾಗೆ, ಮರದ ಕಹಿ ಏರುತ್ತದೆ ಎಂದು ಅಲ್ಲಿಯ ಮುದುಕರೊಬ್ಬರೇ ಹೇಳಿದರು. ತಮ್ಮ ಕೊಳ್ಳಬೇಕೆಂದಿದ್ದರೆ, ನೋಡಿಕೊಳ್ಳಬೇಕಾದ ಗುರುತು 'ಬಾಟಲ್ಡ್ ಇನ್ ಬಾಂಡ್' ಅಂತೆ. 1897ರ ಕಾಯಿದೆ. ಒಂದೇ ಕಾರ್ಖಾನೆಯದು, ಒಂದೇ ಋತುವಿನದು, ನಾಲ್ಕು ವರ್ಷವಾದರೂ ಇಟ್ಟದ್ದು, ನೂರಕ್ಕೆ ಐವತ್ತು ಮದ್ಯಾಂಶ. ಕಲಬೆರಕೆ ತಡೆಯಲೆಂದು ಸರಕಾರ ತಂದದ್ದು. ಸಾಧಾರಣ ಬೆಲೆಗೇ ಸಿಗುತ್ತದೆ. ಅವನ ಬೀರುವಿನಲ್ಲಿ ಅಂಥವು ಎರಡೇ ಇದ್ದವು.

ಆ ರಾತ್ರಿ ಅವನು ನಾಲ್ಕು ಪುಟ್ಟ ಲೋಟಗಳನ್ನು ಸಾಲಾಗಿಟ್ಟ. "ಕುಡಿಯಬೇಡ. ಮೂಸಿ ಹೇಳು ಸಾಕು." ಸಾರು ಕುದಿಯುವಾಗ ಉಪ್ಪು ಸಾಲದೆಂದು ವಾಸನೆಯಲ್ಲೇ ಹೇಳುವವಳು ನಾನು. ಮೊದಲನೆಯದು ಸೌಮ್ಯ, ಕಾಯಿಸಿದ ಬೆಲ್ಲ, ವೆನಿಲಾ. ಗೋದಿಯದು ಅಂದೆ, ಸರಿ. ಎರಡನೆಯದು ಲವಂಗ, ಮೆಣಸು, ಮೂಗಿಗೆ ಚುರ್ ಅಂತು. ರೈ ಹೆಚ್ಚಿರುವ ಬರ್ಬನ್. ಮೂರನೆಯದು ಇನ್ನೂ ಖಾರ, ಬರೀ ರೈ ವಿಸ್ಕಿ. ನಾಲ್ಕನೆಯದಕ್ಕೆ ಬಂದಾಗ ತಡೆದೆ. ಮೊಳಕೆ ಕಟ್ಟಿ ಹುರಿದ ರಾಗಿಯ ವಾಸನೆ, ಹಿಂದೆ ಬಚ್ಚಲೊಲೆಯ ಹೊಗೆ. "ಇದು ನಮ್ಮೂರಿನ ಕಡೆಯದು ಕಣೋ" ಅಂದುಬಿಟ್ಟೆ. ಅವನು ಬಿದ್ದು ಬಿದ್ದು ನಕ್ಕ. ಅದು ಬೆಂಗಳೂರಿನ ಅಮೃತ್, 'ಫ್ಯೂಷನ್' ಅಂತ. ನಮ್ಮ ಬಾರ್ಲಿಗೆ ಸ್ಕಾಟ್ಲೆಂಡಿನ ಹೊಗೆ ಹಾಕಿದ ಬಾರ್ಲಿ ಸೇರಿಸಿದ್ದು. 1948ರಲ್ಲಿ ಶುರುವಾದ ಕಂಪನಿ, ಮೈಸೂರು ರಸ್ತೆಯ ಕಂಬಿಪುರದಲ್ಲಿ ಭಟ್ಟಿ. 2004ರಲ್ಲಿ ಗ್ಲಾಸ್ಗೋ ನಗರದಲ್ಲಿ ತಮ್ಮ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿದರು. 2010ರ 'ವಿಸ್ಕಿ ಬೈಬಲ್'ನಲ್ಲಿ ಜಿಮ್ ಮುರ್ರೆ ಈ ಫ್ಯೂಷನ್‌ಗೆ ಜಗತ್ತಿನಲ್ಲೇ ಮೂರನೆಯ ಸ್ಥಾನ ಕೊಟ್ಟರು. ಬೆಂಗಳೂರಿನ ಹವೆಯಲ್ಲಿ ದೇವತೆಗಳ ಬಾಯಾರಿಕೆ ಜಾಸ್ತಿ, ವರ್ಷಕ್ಕೆ ನೂರಕ್ಕೆ ಹತ್ತಕ್ಕೂ ಹೆಚ್ಚು. ಇನ್ನೊಂದು ಮಾತು, ಬರ್ಬನ್‌ಗೆ ಪೀಪಾಯಿ ಒಂದೇ ಸಲ ಉಪಯೋಗ. ಆಮೇಲೆ ಅವು ಸ್ಕಾಟ್ಲೆಂಡಿಗೆ, ಬೆಂಗಳೂರಿಗೆ ಹಡಗಿನಲ್ಲಿ ಹೋಗುತ್ತವೆ. ನಾನು ಆರು ತಿಂಗಳಿಗೆಂದು ಬಂದ ದಾರಿಯಲ್ಲಿ ಅವು ಎದುರು ಹೋಗುತ್ತಿದ್ದವು ಅನ್ನಿ.

ನಗು ಮುಗಿದ ಮೇಲೆ ಕೇಳಿದೆ, "ಸರಿಯಪ್ಪ, ಇದು ವಿದ್ಯೆ, ಒಪ್ಪಿದೆ. ಎಷ್ಟು ತೆರೆದಿದ್ದೀಯೆ?" ಒಂಬತ್ತು. "ಮಿಕ್ಕ ಇಪ್ಪತ್ತೆರಡು ಯಾರಿಗೆ?" ಸುಮ್ಮನಾದ. "ಒಟ್ಟು ಎಷ್ಟು ಸುರಿದಿದ್ದೀಯೆ, ಒಂದು ಕಾಗದದ ಮೇಲೆ ಬರಿ." ಬರೆದ. ಕೂಡಿದ ಮೇಲೆ ಅವನಿಗೇ ಮುಖ ಸಣ್ಣದಾಯಿತು. ನಾನು ಆ ಮೊತ್ತವನ್ನು ಇಲ್ಲಿ ಬರೆಯುವುದಿಲ್ಲ, ಅವನ ಹೆಂಡತಿ ಈ ಪತ್ರಿಕೆ ಓದುತ್ತಾಳೆ. ಅವಳಿಗೆ ಗೊತ್ತಿರುವುದು ತೊಟ್ಟಿಲಿನ ಲೆಕ್ಕ ಮಾತ್ರ. ಐದು ತಿಂಗಳು ನಾನು ಕಣ್ಣಿಟ್ಟೇ ಇದ್ದೆ. ಅವನು ಬೀರು ತೆರೆದದ್ದು ನಾಲ್ಕು ಸಲ, ಸಲಕ್ಕೆ ಎರಡು ಚಮಚೆ, ಮೇಲೆ ನೋಟ್‌ಬುಕ್ಕಿನಲ್ಲಿ ಟಿಪ್ಪಣಿ. ಅದು ನಿಜ. ಮಾವನೂ ಶುರುಮಾಡಿದ್ದು ಹಬ್ಬಕ್ಕೊಂದು ಸಲ ಎಂಬುದೂ ನಿಜ. ಅದನ್ನೂ ಹೇಳಿದೆ. ನಾನು ಹೊರಡುವ ಹೊತ್ತಿಗೆ ಬೀರುವಿನ ಬೀಗದ ಕೈ ಅವನ ಹೆಂಡತಿಯ ಗೊಂಚಲು ಸೇರಿತ್ತು. ಕೊನೆಯ ಎಸ್ ಅಕ್ಷರದ ಆಸೆ ಬಿಟ್ಟನೋ ಇಲ್ಲವೋ ಕೇಳಲಿಲ್ಲ.

ನವೆಂಬರಿನಲ್ಲಿ ಅರಸೀಕೆರೆಗೆ ಹೋದಾಗ ಅಮ್ಮ ಮೊಮ್ಮಗನ ಫೋಟೋ ಎಲ್ಲ ನೋಡಿ ಮುಗಿಸಿ, ಕನ್ನಡಕ ತೆಗೆದು ಕೇಳಿದಳು, "ಕುಡೀತಾನೇನೇ?" ಸುಳ್ಳು ಹೇಳಲು ಬಾಯಿ ಬರಲಿಲ್ಲ. ಬೀರುವಿನ ವಿಷಯ, ಮೂವತ್ತೊಂದು ಸೀಸೆ, ಎಲ್ಲ ಹೇಳಿದೆ. ಬಹಳ ಹೊತ್ತು ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಆಮೇಲೆ, "ತೆರೆದದ್ದು ಒಂಬತ್ತೇ ಅಂದೆಯಾ? ನಿನ್ನ ಮಾವ ಒಂದನ್ನೂ ಮುಚ್ಚಿಟ್ಟವನಲ್ಲ" ಅಂದಳು.

ಈಗ ಪ್ರತಿ ಭಾನುವಾರ ಫೋನು ಬರುತ್ತದೆ. ಮಗು ಹಲ್ಲು ಬಿಟ್ಟಿತೇ, ಅನ್ನ ತಿಂದಿತೇ ಎಲ್ಲ ವಿಚಾರಿಸಿದ ಮೇಲೆ ಅಮ್ಮ ತಪ್ಪದೆ ಕೇಳುತ್ತಾಳೆ, "ಒಂಬತ್ತೇ ಇದೆಯೇನೋ, ಹತ್ತಾಯಿತೋ?"