ಆ ಫೋಟೋ ಯಾರದು?



ಸತ್ತ ಕೂಸಿನ ಫೋಟೋ ಮನೆಯಲ್ಲಿ ಇಡಬಾರದು, ನೋಡಿದಷ್ಟೂ ದುಃಖ ಹೆಚ್ಚು ಅನ್ನೋ ಮಂದಿ ನಮ್ಮ ಹಳಿಯಾಳದ ಕಡೆ ಬಹಳ. ನಾನು ಇದನ್ನ ಒಪ್ಪಲ್ಲ. ಯಾಕೆ ಅಂತ ಹೇಳ್ತೀನಿ.

ಮೊಬೈಲ್ ಬರೋ ಮೊದಲು ನಮ್ಮ ಕೇರಿಯ ಮಕ್ಕಳಿಗೆ ಫೋಟೋ ಅಂದ್ರೆ ಶಾಲೆಯ ಗ್ರೂಪ್ ಫೋಟೋ ಒಂದೇ. ಶಾಲೆ ಮೆಟ್ಟಿಲು ಹತ್ತದ ಕೂಸಿಗೆ ಅದೂ ಇಲ್ಲ. ನಮ್ಮ ದೊಡ್ಡವ್ವನ ಎರಡು ವರ್ಷದ ಮಗ ಜ್ವರದಿಂದ ತೀರಿಕೊಂಡಾಗ ದೊಡ್ಡಪ್ಪ ಸ್ಟುಡಿಯೋದವರನ್ನ ಕರೆಸಿ, ಕೂಸನ್ನ ತೊಡೆ ಮೇಲೆ ಮಲಗಿಸಿಕೊಂಡು ಒಂದು ಫೋಟೋ ತೆಗೆಸಿದ. ಮೊದಲನೇದೂ ಅದೇ, ಕಡೇದೂ ಅದೇ. ದೊಡ್ಡವ್ವ ಅದನ್ನ ಗೋಡೆಗೆ ಹಾಕಲಿಲ್ಲ, ಟ್ರಂಕಿನಲ್ಲಿ ಸೀರೆ ನಡುವೆ ಇಟ್ಟಳು. "ನಾ ಇವನ್ನ ಹಡದಿದ್ದು ಖರೆ ಅನ್ನಾಕ ಇದೊಂದ ಐತಿ ನೋಡಪಾ" ಅಂತಿದ್ದಳು.

ನಾನು ದಿನವಿಡೀ ದಾಖಲೆ ನೋಡೋ ಗುಮಾಸ್ತ. ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದು 1969ರಲ್ಲಿ. ಆದರೂ ಆ ಕೂಸು ಹುಟ್ಟಿದ್ದೂ ಬರೆದಿಲ್ಲ, ಸತ್ತಿದ್ದೂ ಬರೆದಿಲ್ಲ. ಅವನ ದಾಖಲೆ ಆ ಫೋಟೋ ಒಂದೇ.

ಆದರೆ ಅಂಥದೇ ಫೋಟೋ ಹೆತ್ತವರ ಕೈಯಲ್ಲಿರೋದು ಬೇರೆ, ವಾಟ್ಸಾಪ್‌ನಲ್ಲಿ ಹರಿದಾಡೋದು ಬೇರೆ.

1955ರಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ 14 ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್‌ನನ್ನ ಬಿಳಿಯರು ಚಿತ್ರಹಿಂಸೆ ಕೊಟ್ಟು ಕೊಂದರು. ಅವನ ತಾಯಿ ಮೇಮಿ ಶವಪೆಟ್ಟಿಗೆ ಮುಚ್ಚಲು ಬಿಡಲಿಲ್ಲ, ಜಗತ್ತು ನೋಡಲಿ ಅಂದರು. 'ಜೆಟ್' ಪತ್ರಿಕೆ ಆ ಫೋಟೋ ಅಚ್ಚು ಹಾಕಿತು. ಕೊಂದವರಿಗೆ ಶಿಕ್ಷೆ ಆಗಲಿಲ್ಲ, ಆದರೆ ಆ ಮುಖ ಕಪ್ಪು ಜನರ ಹೋರಾಟಕ್ಕೆ ಕಿಚ್ಚು ಹಚ್ಚಿತು. ಅಲ್ಲಿ ತೀರ್ಮಾನ ತಾಯಿಯದು.

ನಮ್ಮಲ್ಲಿ? ದಲಿತರ ಮಗು ಕೊಲೆಯಾದರೆ ತಾಯಿ ಊರು ಮುಟ್ಟೋ ಮೊದಲೇ ಫೋಟೋ ಹತ್ತು ಗ್ರೂಪ್ ಮುಟ್ಟಿರ್ತದೆ. ಅವಳನ್ನ ಕೇಳಿದವರು ಯಾರು? ಮುಂದೆ ವರ್ಷಗಟ್ಟಲೆ ಯಾರದೋ ಮೊಬೈಲಲ್ಲಿ ಅದು ಮತ್ತೆ ಎದುರಾಗ್ತದೆ. ಟ್ರಂಕಿನ ಫೋಟೋವನ್ನ ಬೇಕಾದಾಗ ತೆಗೆದು ನೋಡಬಹುದು, ಬೇಡವಾದಾಗ ಮುಚ್ಚಿಡಬಹುದು. ಇದನ್ನ ಮುಚ್ಚೋದು ಹೇಗೆ?

ನ್ಯಾಯಕ್ಕಾಗಿ ಅಂತ ನಮ್ಮವರೇ ಫಾರ್ವರ್ಡ್ ಮಾಡ್ತಾರೆ. ನ್ಯಾಯಕ್ಕೆ ಎಫ್‌ಐಆರ್ ಬೇಕು, ಸಾಕ್ಷಿ ಬೇಕು, ಬೀದಿಯಲ್ಲಿ ಜನ ಬೇಕು. ಫೋಟೋ ಸಾಕ್ಷ್ಯವಾದರೆ ಅದರ ಜಾಗ ಪೊಲೀಸರ ಫೈಲು, ಕೋರ್ಟು. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಅಪರಾಧಕ್ಕೆ ಬಲಿಯಾದ ಮಗುವಿನ ಗುರುತು, ಫೋಟೋ ಪ್ರಕಟಿಸಿದರೆ 6 ತಿಂಗಳವರೆಗೆ ಜೈಲು ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಮುಂದಿನ ಸಲ ಅಂಥ ಫೋಟೋ ನಿಮ್ಮ ಮೊಬೈಲಿಗೆ ಬಂದರೆ ಅಲ್ಲೇ ನಿಲ್ಲಿಸ್ರಿ. ಆ ತಾಯಿಯ ಮನೆಗೆ ಹೋಗಿ ಪಕ್ಕದಲ್ಲಿ ಕೂತ್ಕೊಳ್ರಿ.

ಜೈ ಭೀಮ್.