ಬಿಸಿಯೂಟದ ಪಂಕ್ತಿ

ಜುಲೈ 7, 2025, ಸೋಮವಾರ

ಮೊಹರಂ ಮುಗಿದ ಮರುದಿನ. ಮಕ್ಕಳು ನಿದ್ದೆಗಣ್ಣಲ್ಲೇ ಪ್ರಾರ್ಥನೆಗೆ ನಿಂತಿದ್ದರು. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕಿ, ರಿವಾಯತ್ ಪದ ಹಾಡಿ ಗಂಟಲು ಕಟ್ಟಿಸಿಕೊಂಡವರೇ ಬಹಳ. ಒಬ್ಬ ಹುಡುಗನ ಡಬ್ಬಿಯಲ್ಲಿ ಮೊಹರಮ್ಮಿನ ಸಿಹಿತಿಂಡಿ ಚೋಂಗೆ ಇತ್ತು. ಊರಲ್ಲಿ ಮುಸ್ಲಿಮರ ಮನೆ ಬೆರಳೆಣಿಕೆಯಷ್ಟು. ಕುಣಿ ತೋಡುವವರು, ಪೀರಲ ದೇವರನ್ನು ಹೊರುವವರು, ಸಕ್ಕರೆ ಓದಿಸುವವರು ಎಲ್ಲ ಜಾತಿಯವರೂ ಇದ್ದಾರೆ. ಕಲಬುರಗಿ ಸೀಮೆಗೆ ಇದೇನು ಹೊಸದಲ್ಲ. ಶರಣಬಸವೇಶ್ವರರ ತೇರಿಗೂ ಬಂದೇ ನವಾಜರ ಉರುಸಿಗೂ ಹೋಗಿಬರುವ ಮನೆಗಳು ಇಲ್ಲಿ ಎಷ್ಟೋ.

ಮಧ್ಯಾಹ್ನ ಕ್ಲಸ್ಟರ್ ಸಭೆ. ಮೌಲ್ಯ ಶಿಕ್ಷಣಕ್ಕೆ ಪ್ರತಿ ಶಾಲೆಯೂ ಯೋಜನೆ ಬರೆದುಕೊಡಬೇಕಂತೆ. ರಾಷ್ಟ್ರೀಯ ಮೌಲ್ಯಗಳಿಗೆ ಒಂದು ಅಂಕಣ, ಸ್ಥಳೀಯ ಸಂಸ್ಕೃತಿಗೆ ಇನ್ನೊಂದು. ಹೆಚ್ಚಿನವರು ಅಲ್ಲೇ ತುಂಬಿ ಕೊಟ್ಟರು: ವಾರಕ್ಕೊಂದು ನೀತಿಕಥೆ, ಗೋಡೆಗೆ ಸುಭಾಷಿತ, ಮಹನೀಯರ ಜಯಂತಿ. ನಾನು ಖಾಲಿ ಹಾಳೆಯನ್ನೇ ಮನೆಗೆ ತಂದೆ. ಸಂವಿಧಾನದ 51ಎ ವಿಧಿ ನಮ್ಮ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಕಾಪಾಡುವುದು ಪ್ರತಿ ಪ್ರಜೆಯ ಕರ್ತವ್ಯವೆನ್ನುತ್ತದೆ. ಆ ಹುಡುಗನ ಡಬ್ಬಿಯ ಚೋಂಗೆಯನ್ನು ಯಾವ ಅಂಕಣಕ್ಕೆ ಹಾಕಲಿ?

ಆಗಸ್ಟ್ 12, ಮಂಗಳವಾರ

ಹೊಸ ಅಡುಗೆಯಾಕೆ ಬಂದಂದಿನಿಂದ ಕೆಲವು ಮಕ್ಕಳು ಬಿಸಿಯೂಟ ಬಿಟ್ಟಿದ್ದಾರೆ. ಮನೆಯಿಂದ ಡಬ್ಬಿ ತಂದು ಬೇವಿನ ಮರದ ಕೆಳಗೆ ಬೇರೆ ಕೂರುತ್ತಾರೆ. ಕಾರಣ ಕೇಳಿದರೆ ಒಬ್ಬಳಿಗೆ ಹೊಟ್ಟೆನೋವು, ಇನ್ನೊಬ್ಬನಿಗೆ ಸಾರು ಖಾರ. ಕೊನೆಗೆ ಆರನೆಯ ತರಗತಿಯ ಹುಡುಗನೊಬ್ಬ ನೆಲ ನೋಡುತ್ತ ಹೇಳಿದ: “ಆಯಿ ಬ್ಯಾಡ ಅಂದಾಳ್ರಿ ಅಕ್ಕೋರ. ಆಕಿ ಕೈಲಿ ಉಣಬ್ಯಾಡ ಅಂದಾಳ.”

ಇದೇ ಹುಡುಗ ಬೆಳಿಗ್ಗೆ ಪ್ರಾರ್ಥನೆಯಲ್ಲಿ ಸಂವಿಧಾನದ ಪೀಠಿಕೆ ಓದಿಸಿದವನು. ಪುಸ್ತಕ ನೋಡದೆ, ಒಂದು ಅಕ್ಷರವೂ ತಪ್ಪದೆ ಓದಿಸುತ್ತಾನೆ. ಸಮಾನತೆ, ಭ್ರಾತೃತ್ವ ಎಲ್ಲ ಅವನಿಗೆ ಬಾಯಿಪಾಠ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಸಂಕಟವಾಯಿತು. ಶಾಲೆ ಹೇಳುವುದನ್ನು ಶಾಲೆಯಲ್ಲಿ, ಮನೆ ಹೇಳುವುದನ್ನು ಮನೆಯಲ್ಲಿ ಪಾಲಿಸುವ ಜಾಣತನವನ್ನು ನಾವೇ ದೊಡ್ಡವರು ಅವನಿಗೆ ಕಲಿಸಿದ್ದೇವೆ.

ಕರ್ನಾಟಕದಲ್ಲಿ ಈ ಊಟ 2002ರಲ್ಲಿ ಮೊದಲು ಶುರುವಾದದ್ದೇ ನಮ್ಮ ಈಶಾನ್ಯ ಜಿಲ್ಲೆಗಳಲ್ಲಿ. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಪಂಗಡದವರಿಗೆ ಆದ್ಯತೆ ಕೊಡಬೇಕೆಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಸಿವು ನೀಗಿಸುವುದರ ಜೊತೆಗೆ ಒಂದೇ ಪಂಕ್ತಿಯಲ್ಲಿ, ಯಾರ ಕೈಯಿಂದಲಾದರೂ ಉಣ್ಣುವುದನ್ನು ಕಲಿಸುವುದೂ ಈ ಊಟದ ಕೆಲಸ. ನಮ್ಮ ಶಾಲೆಯಲ್ಲಿ ಅತಿ ದೊಡ್ಡ ಮೌಲ್ಯ ಶಿಕ್ಷಣದ ತರಗತಿ ನಡೆಯುವುದು ಮಧ್ಯಾಹ್ನದ ಈ ಹೊತ್ತಿನಲ್ಲೇ.

ಆಗಸ್ಟ್ 20, ಬುಧವಾರ

ಮಕ್ಕಳಿಗೆ ಬಡಿಸುವ ಮುಂಚೆ ನಾವು ರುಚಿ ನೋಡಿ ವಹಿಯಲ್ಲಿ ಸಹಿ ಹಾಕುವುದು ನಿಯಮ. ಹೋದ ವಾರದಿಂದ ಸಹಿಗೆ ನಿಲ್ಲದೆ ನಾನೂ ಹೆಡ್‌ಮಾಸ್ತರರೂ ತಟ್ಟೆ ಹಿಡಿದು ಪಂಕ್ತಿಯಲ್ಲೇ ಕೂರುತ್ತಿದ್ದೇವೆ. ಮೊಟ್ಟೆ ಉಣ್ಣುವವರು, ಮೊಟ್ಟೆ ಒಲ್ಲದೆ ಬಾಳೆಹಣ್ಣು ತೆಗೆದುಕೊಳ್ಳುವವರು ಎಂದು ಎರಡು ಸಾಲು ತಾನಾಗಿಯೇ ಆಗಿಬಿಟ್ಟಿತ್ತು. ಅದನ್ನೂ ಒಡೆದೆವು. ಪಕ್ಕದವನ ತಟ್ಟೆಯಲ್ಲಿ ಏನಿದೆಯೋ ಅದು ಅವನ ಪಾಡು, ನಿನ್ನ ತಟ್ಟೆಯಲ್ಲಿರುವುದು ನಿನ್ನದು. ಇಷ್ಟು ತಿಳಿದರೆ ಸಹಬಾಳ್ವೆಯ ಅರ್ಧ ಪಾಠ ಆದಂತೆಯೇ.

ನಿನ್ನೆ ಸಂಜೆ ಪೀಠಿಕೆ ಓದಿಸುವ ಆ ಹುಡುಗನ ಮನೆಗೆ ಹೋಗಿದ್ದೆ. ಆಯಿ ಕೆಟ್ಟ ಹೆಂಗಸಲ್ಲ. ಬಂದವರಿಗೆ ಬಾಗಿಲಲ್ಲೇ ನೀರು, ಬೆಲ್ಲ ಕೊಟ್ಟು ಕೂರಿಸುವ ಹಳೆಯ ಕಾಲದವಳು. ಬೀಜದ ಕಾಳಿಗೆ ಬೂದಿ ಬೆರೆಸಿ ಗಡಿಗೆಯಲ್ಲಿ ಕಾಪಿಡುವುದು ಹೇಗೆಂದು ಊರಿನ ಸೊಸೆಯಂದಿರಿಗೆಲ್ಲ ಹೇಳಿಕೊಟ್ಟವಳು ಅವಳೇ. ಕಾನೂನಿನ ಮಾತು ತೆಗೆಯಲು ಮನಸ್ಸಾಗಲಿಲ್ಲ. ನನ್ನ ಜೊತೆ ಬಂದಿದ್ದ ಏಳನೆಯ ತರಗತಿಯ ಹುಡುಗಿಯೇ ಬಾಯಿಬಿಟ್ಟಳು: “ಆಯಿ, ನಿಮ್ಮ ಹೊಲದ ತೊಗರಿ ಕೊಯ್ಯಾಕ ಬಂದಾಕಿ ನಮ್ಮ ಸಾಲಿ ಅಡಗಿಯಾಕಿನೇ ಅಲ್ಲೇನ? ಅದೇ ಬ್ಯಾಳಿ ಅಲ್ಲೇನ ನೀವು ದಿನಾ ಉಣ್ಣೂದು?”

ಆಯಿ ಉತ್ತರ ಕೊಡಲಿಲ್ಲ. ಸುಣ್ಣ ಹಚ್ಚಿದ ಎಲೆ ಮಡಿಚುತ್ತ ಕುಳಿತಳು. ಹುಡುಗ ಇವತ್ತೂ ಡಬ್ಬಿ ತಂದಿದ್ದ. ಆದರೆ ಬೇವಿನ ಮರ ಬಿಟ್ಟು ಪಂಕ್ತಿಯ ಕೊನೆಗೆ ಬಂದು ಕೂತ. ಸದ್ಯಕ್ಕೆ ಅಷ್ಟು ಆಗಿದೆ.

ನವೆಂಬರ್ 26, ಬುಧವಾರ

ಸಂವಿಧಾನ ದಿನ. ಭಾಷಣ ಬೇಗ ಮುಗಿಸಿ ಏಳನೆಯ ತರಗತಿಯಲ್ಲಿ ಮೂಲಭೂತ ಕರ್ತವ್ಯಗಳನ್ನು ಒಂದೊಂದಾಗಿ ಓದಿದೆವು. 1976ರಲ್ಲಿ ಹತ್ತು ಸೇರಿದವು, 2002ರಲ್ಲಿ ಹನ್ನೊಂದನೆಯದು. ಮಕ್ಕಳು ಪ್ರತಿಯೊಂದಕ್ಕೂ ಊರಿನ ಉದಾಹರಣೆ ಹುಡುಕಬೇಕು. ಬಿತ್ತನೆಗೆ ಒಬ್ಬರ ಹೊಲಕ್ಕೊಬ್ಬರು ಹೋಗುವ ಮುಯ್ಯಾಳು, ಬೇಸಿಗೆಯಲ್ಲಿ ದಾರಿಬದಿ ಇಡುವ ಅರವಟಿಗೆ, ಕೆರೆಯ ಹೂಳೆತ್ತಿದ್ದು, ಮೊಹರಮ್ಮಿನ ಹೆಜ್ಜೆ ಎಲ್ಲವೂ ಬಂದವು. ಕರಿಹಲಗೆ ಸಾಲಲಿಲ್ಲ.

ಆಮೇಲೆ ಆಯಿಯ ಮನೆಗೆ ನನ್ನ ಜೊತೆ ಬಂದಿದ್ದ ಹುಡುಗಿಯೇ ಎದ್ದು ಕೇಳಿದಳು, ಹೆಣ್ಣುಮಕ್ಕಳ ಗೌರವಕ್ಕೆ ಕುಂದು ತರುವ ಪದ್ಧತಿ ಬಿಡಬೇಕು ಅಂತ ಬರೆದಿದೆಯಲ್ಲ, ಅದೂ ನಮ್ಮ ಊರಿನ ಪದ್ಧತಿಯೇ ಅಲ್ಲವೇ ಎಂದು. ಅವಳ ಅಕ್ಕನಿಗೆ ಒಂಬತ್ತನೆಯ ತರಗತಿ ಬಿಡಿಸಿ ಮದುವೆ ಮಾಡುವ ಮಾತು ನಡೆದಿತ್ತು.

ಅದೇ 51ಎ ವಿಧಿಯೊಳಗೆ ಪರಂಪರೆಯನ್ನು ಕಾಪಾಡು ಎಂದೂ ಇದೆ, ಅವಮಾನದ ರೂಢಿಗಳನ್ನು ಬಿಡು ಎಂದೂ ಇದೆ, ವೈಜ್ಞಾನಿಕ ಮನೋಭಾವ ಬೆಳೆಸು ಎಂದೂ ಇದೆ. ಊರಿನ ವಿವೇಕವನ್ನು ಮಕ್ಕಳಿಗೆ ಕೊಡುವಾಗ ಈ ಮೂರನ್ನೂ ಒಟ್ಟಿಗೇ ಕೊಡಬೇಕು. ಹಳೆಯದೆಲ್ಲ ಹೊನ್ನು ಎಂದು ತಲೆಯ ಮೇಲೆ ಹೊತ್ತರೆ ಆಯಿಯ ಬೀಜದ ಗಡಿಗೆಯ ಜೊತೆಗೆ ಆಯಿಯ ಮೈಲಿಗೆಯೂ ಬರುತ್ತದೆ. ಹಳೆಯದೆಂದು ಎರಡನ್ನೂ ಬಿಸಾಡಿದರೆ ಮಕ್ಕಳಿಗೆ ಊರೇ ಇಲ್ಲದಂತಾಗುತ್ತದೆ. ಆರಿಸಿಕೊಳ್ಳುವುದನ್ನು ಕಲಿಸುವುದೇ ನಮ್ಮ ಕೆಲಸ. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರೂ ಅದನ್ನೇ ಮಾಡಿದರು, ಅದಕ್ಕೆ ಬೆಲೆಯನ್ನೂ ತೆತ್ತರು.

1949ರ ನವೆಂಬರ್ 25ರಂದು ಅಂಬೇಡ್ಕರರು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದನ್ನೂ ಹೇಳಿದೆ: ರಾಜಕೀಯದಲ್ಲಿ ಸಮಾನತೆ ಬರುತ್ತದೆ, ಬದುಕಿನಲ್ಲಿ ಅಸಮಾನತೆ ಉಳಿಯುತ್ತದೆ, ಈ ವಿರೋಧಾಭಾಸವನ್ನು ಬೇಗ ನೀಗಿಸಿಕೊಳ್ಳಬೇಕು ಎಂಬ ಅವರ ಮಾತಿನ ಸಾರ. ಹುಡುಗಿ ಬರೆದುಕೊಂಡಳು. ಅವಳ ಅಪ್ಪನನ್ನು ಶನಿವಾರ ಶಾಲೆಗೆ ಕರೆದಿದ್ದೇನೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರೂ ಇರುತ್ತಾರೆ.

ಡಿಸೆಂಬರ್ 19, ಶುಕ್ರವಾರ

ಎಳ್ಳ ಅಮವಾಸ್ಯೆ. ಆಯಿಯ ಹೊಲಕ್ಕೆ ಊಟಕ್ಕೆ ಹೋಗಿದ್ದೆ. ಐದು ಕಲ್ಲಿಟ್ಟು ಸುಣ್ಣ ಬಳಿದು ಪಾಂಡವರ ಪೂಜೆ, ಆಮೇಲೆ ಪೈರಿಗೆಲ್ಲ ಚರಗ ಚೆಲ್ಲಿದರು. ಸಜ್ಜೆ ರೊಟ್ಟಿ, ಎಳ್ಳು ಹೋಳಿಗೆ, ಭಜ್ಜಿ, ಅಂಬಲಿ. ಭಜ್ಜಿಯಲ್ಲಿ ಎಷ್ಟು ತರಹದ ಸೊಪ್ಪು, ಕಾಳು ಇದ್ದವೆಂದು ಕೇಳಿದರೆ ಆಯಿ ಬೆರಳು ಮಡಿಚುತ್ತಲೇ ಹೋದಳು. ಉಣ್ಣುವ ಮುಂಚೆ ಭೂಮಿಗೆ ಉಣಿಸಬೇಕು, ದಾರಿಯಲ್ಲಿ ಹೋಗುವವನನ್ನೂ ಕೂಗಿ ಕರೆಯಬೇಕು. ಇಂಥ ಹಬ್ಬ ಇರುವ ನಾಡಿನಲ್ಲಿ ಹಂಚಿ ಉಣ್ಣುವುದನ್ನು ಕಲಿಸಲು ನಾವು ನೀತಿಕಥೆ ಹುಡುಕುತ್ತೇವೆ.

ಆದರೆ ನಮ್ಮ ಅಡುಗೆಯಾಕೆಗೂ ಅವಳ ಮಕ್ಕಳಿಗೂ ಆಚೆ ಬದುವಿನ ಹತ್ತಿರ ಬಡಿಸಿದ್ದರು. ಕರೆದಿದ್ದರು, ಹೊಟ್ಟೆ ತುಂಬ ಬಡಿಸಿದ್ದರು, ದೂರ ಮಾತ್ರ ಕೂರಿಸಿದ್ದರು. ನಾನು ತಟ್ಟೆ ತೆಗೆದುಕೊಂಡು ಅಲ್ಲಿಗೇ ಹೋಗಿ ಕೂತೆ. ಹುಡುಗ ಆಯಿಯ ಮುಖ ನೋಡಿದ, ನನ್ನ ಮುಖ ನೋಡಿದ, ಕೊನೆಗೆ ಅಂಬಲಿಯ ತಂಬಿಗೆ ಹಿಡಿದು ಬಂದು ನಮಗೆಲ್ಲ ಬಡಿಸಿದ. ಕೂರಲಿಲ್ಲ. ಹೋಗುವಾಗ ಆಯಿ ನನಗೆ ಕಟ್ಟಿಕೊಟ್ಟ ಬುತ್ತಿಯಷ್ಟೇ ದೊಡ್ಡ ಬುತ್ತಿಯನ್ನು ಅಡುಗೆಯಾಕೆಗೂ ಕಟ್ಟಿಕೊಟ್ಟಳು. ಕೈಗೇ ಕೊಟ್ಟಳು, ಮೇಲಿಂದ ಹಾಕಲಿಲ್ಲ. ನಾನು ಗಮನಿಸಿದೆ.

ಕ್ಲಸ್ಟರಿಗೆ ಕೊಡಬೇಕಾದ ಹಾಳೆಯಲ್ಲಿ ನಡುಗೆರೆ ಅಳಿಸಿ ಒಂದೇ ಅಂಕಣ ಮಾಡಿ ಬರೆದಿದ್ದೇನೆ. ಸೋಮವಾರ ಆರು, ಏಳನೆಯ ತರಗತಿಗೆ ಪ್ರಬಂಧ: ಎಳ್ಳ ಅಮವಾಸ್ಯೆಗೆ ನಿಮ್ಮ ಹೊಲಕ್ಕೆ ಯಾರ‍್ಯಾರು ಬಂದಿದ್ದರು, ಯಾರು ಬಡಿಸಿದರು, ಯಾರು ಎಲ್ಲಿ ಕೂತರು, ಏಕೆ?